ಬಿಸಿನೀರಿಗೆ ಹಾಕಿದ ಹರಳು

ಅಣ್ಣ ನನಗೆ ಕಾಯಲು ಕೊಟ್ಟದ್ದು ಒಂದೇ ಒಂದು ಹರಳು. ಅದನ್ನು ನಾನು ಉಳಿಸಲಿಲ್ಲ. ಹೇಗೆ ಹೋಯಿತೆಂದು ಅವನಿಗೆ ನಿಜವನ್ನೂ ಹೇಳಲಿಲ್ಲ. ಮೊನ್ನೆ ನೆರೆಮನೆಯಾಕೆ ಅಕ್ಕಲಕೋಟದಿಂದ ತಂದುಕೊಟ್ಟ ಪ್ರಸಾದದ ಕಲ್ಲುಸಕ್ಕರೆಯಲ್ಲಿ ದಾರದ ತುಂಡೊಂದಿತ್ತು. ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ...

ಎಪ್ಪತ್ತರ ದಶಕದ ಮಾತು. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಅಣ್ಣ ಮುಂಬಯಿಯ ಅಣುಸ್ಥಾವರದಲ್ಲಿ ಸಂಶೋಧನೆ ಮಾಡುತ್ತಿದ್ದ. ಒಂದು ಬೇಸಿಗೆಯಲ್ಲಿ ಅಕ್ಕಲಕೋಟದ ಮನೆಗೆ ಬಂದವನು ಕತ್ತಲಕೋಣೆಯಲ್ಲಿ ಗಾಜಿನ ಬರಣಿಯೊಂದನ್ನಿಟ್ಟ. ಅದರ ತುಂಬ ಎಂಥದೋ ಉಪ್ಪು ಕರಗಿಸಿದ ನೀರು, ನಡುವೆ ದಾರಕ್ಕೆ ಕಟ್ಟಿದ ಸಾಸಿವೆಯಷ್ಟು ಹರಳು. ಮುಂಬಯಿಯ ಹಸಿ ಗಾಳಿಯಲ್ಲಿ ಅದು ನೆಟ್ಟಗೆ ಬೆಳೆಯದು, ನಮ್ಮ ದಪ್ಪ ಗೋಡೆಗಳ ತಂಪಿನಲ್ಲಿ ಬೆಳೆದೀತು ಎಂದ. ಎಕ್ಸ್‌ರೇಗಾದರೆ ಸಾಸಿವೆಯಷ್ಟೇ ಸಾಕಂತೆ. ಆದರೆ ಅದರೊಳಗಿನ ಹೈಡ್ರೋಜನ್ ಎಲ್ಲಿದೆಯೆಂದು ನ್ಯೂಟ್ರಾನ್ ಕಿರಣಕ್ಕೇ ಸರಿಯಾಗಿ ಕಾಣುವುದಂತೆ, ಅದಕ್ಕೆ ಕಡಲೆಯಷ್ಟು ದೊಡ್ಡ ಹರಳು ಬೇಕಂತೆ. ಸ್ಥಾವರದಲ್ಲಿ ಆ ಕಿರಣ ಬಳಸಲು ಅವನ ಸರದಿ ದಸರೆಯ ಮರುವಾರ.

“ಮುಟ್ಟಬ್ಯಾಡ ತಂಗಿ. ನೆಕ್ಕಿ ನೋಡಿದಿ ಅಂದ್ರ ನಾಲಿಗಿ ಕೊಯ್ತೀನಿ,” ಎಂದು ನಕ್ಕು ಬಸ್ಸು ಹತ್ತಿದ.

ಅವ್ವ ತೀರಿಕೊಂಡಿದ್ದಳು. ಅಪ್ಪ ಕಚೇರಿಗೆ ಹೋದರೆ ಬರುವುದು ಸಂಜೆಗೇ. ಇಡೀ ಮಳೆಗಾಲ ಆ ಮನೆಯಲ್ಲಿ ನಾನು ಮತ್ತು ಆ ಹರಳು.

ದಸರೆಗೆ ಘಟ ಕೂರಿಸುವ ಮುಂಚೆ ನಮ್ಮಲ್ಲಿ ಮನೆಯ ಪ್ರತಿ ವಸ್ತುವನ್ನೂ ತೊಳೆಯಬೇಕು, ಹಳೆಯ ನೀರು ಒಳಗೆ ಉಳಿಯಬಾರದು. ಹರಳಿಗೇನೂ ಆಗದು ಎಂದುಕೊಂಡು ಬರಣಿಯ ನೀರನ್ನೂ ಚೆಲ್ಲಿದೆ. ಅಣ್ಣ ಬರುವಾಗ ಅದೂ ಹೊಳೆಯಲಿ ಎಂದು ಹಂಡೆಯಿಂದ ಒಂದು ಚರಿಗೆ ಬಿಸಿನೀರು ತೆಗೆದು ಹರಳನ್ನು ದಾರದ ಸಮೇತ ಅದರಲ್ಲಿ ಹಾಕಿಟ್ಟೆ. ಕೌದಿಗಳನ್ನು ಒಗೆದು ಬರುವಷ್ಟರಲ್ಲಿ ದಾರವೊಂದೇ ಉಳಿದಿತ್ತು. ಆಮೇಲೆ ಬರಣಿಯನ್ನು ನಾನೇ ಒಡೆದೆ.

ಬಂದವನಿಗೆ ಬೆಕ್ಕು ಕೆಡವಿತೆಂದು ಹೇಳಿದೆ. ಅವನು ಕತ್ತಲಕೋಣೆಯ ಮೂಲೆಯಲ್ಲಿ ಉಳಿದಿದ್ದ ಗಾಜಿನ ಚೂರೊಂದನ್ನು ಆರಿಸಿಕೊಂಡ. “ಬೆಕ್ಕಿಗೇನ್ ತಿಳೀತದವಾ. ಕೋಣಿಗೆ ಕೀಲಿ ಹಾಕಬೇಕಿತ್ತು ನಾ.”

ಸರದಿ ಬೇರೆಯವರಿಗೆ ಹೋಯಿತು. ಮನೆಯಲ್ಲಿ ಅವನು ಮತ್ತೆಂದೂ ಹರಳು ಇಡಲಿಲ್ಲ. ಮುಂಬಯಿಯಲ್ಲಿ ಅಷ್ಟು ದೊಡ್ಡದು ಬೆಳೆಯಲಿಲ್ಲ. ಮರುವರ್ಷ ಹೊರದೇಶದ ಯಾರೋ ಅದೇ ಕೆಲಸ ಮಾಡಿ ಮುಗಿಸಿದರಂತೆ. ಅಣ್ಣ ಅಲ್ಲಿಂದ ಬಿಟ್ಟು ಬಂದು ಸೊಲ್ಲಾಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಬಾಡಿಗೆ ಕೋಣೆಯಲ್ಲಿ ಕೊನೆಯವರೆಗೂ ಒಬ್ಬನೇ ಇದ್ದ. ಮದುವೆಯಾಗಿ ನಾನೂ ಅದೇ ಊರಿಗೆ ಬಂದಿದ್ದೆ. ರವಿವಾರಕ್ಕೊಮ್ಮೆ ರೊಟ್ಟಿ ಕಟ್ಟಿಕೊಂಡು, ಇವತ್ತು ಹೇಳಿಬಿಡಬೇಕು ಎಂದುಕೊಂಡು ಹೋಗುತ್ತಿದ್ದೆ... ಬರಿದಾದ ಡಬ್ಬಿ ಹಿಡಿದು ಮರಳುತ್ತಿದ್ದೆ.

ಅಣ್ಣ ಹೋಗಿ ತಿಂಗಳಾಯಿತು. ನಿನ್ನೆ ಕೋಣೆ ತೆರವು ಮಾಡಿಕೊಡಲು ಹೋದೆ. ಸಾಮಾನೆಲ್ಲ ಹೊರಗೆ ಹೋದ ಮೇಲೆ ಬಾಗಿಲು ಮುಂದಕ್ಕೆಳೆದು, ಬರಿಯ ಗೋಡೆಯ ಮುಂದೆ ನಿಂತು ಗಟ್ಟಿಯಾಗಿ ಹೇಳಿದೆ:

“ಅಣ್ಣಾ, ಬೆಕ್ಕಲ್ಲ. ನಾನ. ಸುಳ್ಳು ಹೇಳಿದ್ನಿ ನಿನಗ. ಕ್ಷಮಾ ಮಾಡೋ.”