ಕೂಸು ಹೋದ ಮನೆ

ದತ್ತು ಮಕ್ಕಳನ್ನು ಮನೆಗೆ ಕರೆತರುವವರ ಜೊತೆ ಮಾತಾಡುವುದು ನನ್ನ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕು ನನ್ನ ಪಾಲಿಗೆ ಬಂದಿವೆ. ಮಗು ಬರುವ ಮೊದಲು ಗಂಡ ಹೆಂಡತಿಯನ್ನು ಕೂರಿಸಿಕೊಂಡು ತಿಳಿಸಿ ಹೇಳುತ್ತೇನೆ, ಬಂದ ಮೇಲೆ ಮನೆಗೆ ಹೋಗಿ ನೋಡುತ್ತೇನೆ. ಹೆಚ್ಚಿನ ಮನೆಗಳಲ್ಲಿ ಚಹಾ ಕುಡಿದು, ಮಗುವಿನ ಹೊಸ ಅಂಗಿ ನೋಡಿ ಎದ್ದು ಬರುತ್ತೇನೆ. ಜೇವರ್ಗಿಯ ಒಂದು ಮನೆಯಿಂದ ಮಾತ್ರ ಇವತ್ತಿಗೂ ಪೂರ್ತಿ ಎದ್ದು ಬಂದಿಲ್ಲ ಅನಿಸುತ್ತದೆ.

ಅದು ವಿಜಯಪುರದ ರಸ್ತೆಗೆ ಹೊಂದಿಕೊಂಡ ಮನೆ. ಮುಂದೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ, ಹಿಂದೆ ಸಂಸಾರ. ಅಂಗಡಿಯಾತ, ಶಾಲೆಯಲ್ಲಿ ಪಾಠ ಹೇಳುವ ಅವನ ಹೆಂಡತಿ, ಅವನ ತಾಯಿ, ಮೂರೇ ಜನ. ಮದುವೆಯಾಗಿ ಬಹಳ ವರ್ಷ ಕಾದು, ಕೊನೆಗೆ ಆರು ವರ್ಷದ ಹುಡುಗಿಯೊಬ್ಬಳನ್ನು ದತ್ತು ತೆಗೆದುಕೊಂಡಿದ್ದರು. ಹಸುಗೂಸಾಗಿದ್ದಾಗಲೇ ಶಿಶುಗೃಹ ಸೇರಿದ ಹುಡುಗಿ ಅವಳು. ಅದನ್ನು ಬಿಟ್ಟರೆ ಬೇರೆ ಮನೆಯನ್ನೇ ಕಂಡಿರಲಿಲ್ಲ.

ಬಂದ ಹೊಸತರಲ್ಲಿ ಅವಳು ಮನೆಯ ಎಲ್ಲ ಬಾಗಿಲು ತೆಗೆದು ನೋಡುತ್ತಿದ್ದಳಂತೆ. ಅಲಮಾರಿ, ಮಂಚದ ಕೆಳಗೆ, ದೇವರ ಖೋಲಿ, ಕಡೆಗೆ ಜೋಳದ ಡ್ರಮ್ಮಿನ ಮುಚ್ಚಳ ಕೂಡ. ಹೊಸ ಜಾಗ, ಗುರುತು ಮಾಡಿಕೊಳ್ಳುತ್ತಿದ್ದಾಳೆ ಎಂದು ಅವಳ ಹೊಸ ತಾಯಿ ಅಂದುಕೊಂಡಳು. ನಾನೂ ಹಾಗೆಯೇ ಅಂದುಕೊಂಡೆ. ಆಮೇಲೆ ಹುಡುಕುವುದು ನಿಂತಿತು. ನಿಂತ ಮೇಲೆ ಬೇರೆಯದೊಂದು ಶುರುವಾಯಿತು.

ತಾಯಿ ಫೋನು ಮಾಡಿದಳು. "ಮೇಡಮ್ರೀ, ನೀವು ಒಮ್ಮೆ ಹೊತ್ತು ಮುಳುಗೂ ಹೊತ್ತಿಗಿ ಬರ್ರಿ. ಹಗಲಿಗಿ ಬಂದ್ರ ನಿಮಗ ಏನೂ ಕಾಣಂಗಿಲ್ಲ," ಎಂದಳು.

ನಾನು ಹೋದಾಗ ಬಾಗಿಲಿಗೆ ಹೊಸದಾಗಿ ನಿಂಬೆಹಣ್ಣು ಕಟ್ಟಿದ್ದರು. ಅಜ್ಜಿ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ, ಹುಡುಗಿಗೆ ಗಾಳಿ ಸೋಕಿದೆ, ಮಠದಿಂದ ಅಯ್ಯನವರನ್ನು ಕರೆಸಿ ತಾಯಿತ ಕಟ್ಟಿಸಬೇಕೆಂದರೆ ಸೊಸೆ ಒಪ್ಪುತ್ತಿಲ್ಲ ಎಂದು ದೂರಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

ಒಳಗೆ ಮಸುಕು ಬೆಳಕು. ಲೈಟು ಹಾಕಿದರೆ ಹುಡುಗಿ ಬೇಡವೆನ್ನುತ್ತಾಳಂತೆ. ಕೌದಿ ಹಾಸಿ, ತಾನು ಗೋಡೆಯ ಪಕ್ಕಕ್ಕೆ ಒತ್ತಿಕೊಂಡು ಕೂತಿದ್ದಳು. ಉಳಿದ ಹಾಸಿಗೆ ಖಾಲಿ. ಆ ಖಾಲಿ ಜಾಗವನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದಳು. ರೊಟ್ಟಿಯ ಒಂದು ಚೂರನ್ನು ಹಾಲಿನಲ್ಲಿ ನೆನೆಸಿ ಬಟ್ಟಲಲ್ಲಿ ಇಟ್ಟಿದ್ದಳು. ನಾನು ಹತ್ತಿರ ಕೂತು ಹೆಸರು ಹಿಡಿದು ಮಾತಾಡಿಸಿದೆ. ಅವಳು ತುಟಿಗೆ ಬೆರಳಿಟ್ಟಳು.

"ಸಾವಕಾಶ ಮಾತಾಡ್ರಿ. ಈಗರ ಮಲಗ್ಯಾಳ."

"ಯಾರವ್ವಾ?"

"ಕೂಸು."

ಎಷ್ಟೋ ಮಕ್ಕಳು ಇಲ್ಲದ ಗೆಳೆಯರನ್ನು ಕಟ್ಟಿಕೊಳ್ಳುತ್ತಾರೆ, ಅದು ನನಗೆ ಗೊತ್ತು. ಆದರೆ ಅವರು ಆಡುತ್ತಾರೆ, ನಗುತ್ತಾರೆ. ಇವಳ ಮುಖದಲ್ಲಿ ಆಟವಿರಲಿಲ್ಲ. ಕಾಯಿಲೆಯ ಮಗುವಿನ ಪಕ್ಕ ಕೂತವರ ಮುಖವಾಗಿತ್ತು ಅದು. ಹೊರಗೆ ಲಾರಿಗಳ ಹಾರ್ನ್ ಕೇಳಿದಾಗಲೆಲ್ಲ ಅವಳು ಆ ಜಾಗದ ಮೇಲೆ ಬಾಗುತ್ತಿದ್ದಳು.

ಮರುದಿನವೇ ಅವಳಿದ್ದ ಶಿಶುಗೃಹಕ್ಕೆ ಹೋದೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಒಬ್ಬಳು ಅವಳನ್ನು ಎತ್ತಿ ಆಡಿಸಿದವಳು. ನಾನು ಕಂಡದ್ದನ್ನು ಹೇಳುತ್ತಿದ್ದ ಹಾಗೇ ಆಯಾ ಸೆರಗು ಬಾಯಿಗೆ ಹಿಡಿದಳು. ಹವಳಗಾ ಕಡೆ ಕಬ್ಬಿನ ಹೊಲದ ಬದುವಿನಲ್ಲಿ ಸಿಕ್ಕ ಒಂದು ಹೆಣ್ಣುಕೂಸನ್ನು ಅಲ್ಲಿಗೆ ತಂದಿದ್ದರು. ಸೊರಗಿದ ಕೂಸು. ಈ ಹುಡುಗಿ ಅದರ ತೊಟ್ಟಿಲು ಬಿಟ್ಟು ಕದಲುತ್ತಿರಲಿಲ್ಲ. ಕೂಸಿಗೆ ನಡೆಯಲು ಬಂದ ಮೇಲೆ ತನ್ನ ಪಕ್ಕದಲ್ಲೇ ಮಲಗಿಸಿಕೊಂಡು, ತನ್ನ ತಟ್ಟೆಯಿಂದಲೇ ತಿನ್ನಿಸುತ್ತಿದ್ದಳು. ಒಮ್ಮೆ ಜ್ವರ ಏರಿ ಆಸ್ಪತ್ರೆಗೆ ಒಯ್ದರು. ಕೂಸು ತಿರುಗಿ ಬರಲಿಲ್ಲ.

"ಸಣ್ಣ ಹುಡುಗ್ರಿಗಿ ಸತ್ತದ್ದು ಹ್ಯಾಂಗ ಹೇಳೂದ್ರಿ?" ಎಂದಳು ಆಯಾ. "ಕಾರಿನ್ಯಾಗ ಹೊಸ ಮನಿಗಿ ಹೋದಳು ಅಂತ ಹೇಳಿದ್ವಿ."

ಕೆಲವು ತಿಂಗಳ ಮೇಲೆ ಜೇವರ್ಗಿಯಿಂದ ಕಾರು ಬಂದಿತು. ಹೊಸ ಅಂಗಿ ತೊಡಿಸುತ್ತ ಇದೇ ಆಯಾ ಈ ಹುಡುಗಿಗೂ ಹೇಳಿದ್ದಳು, ನೀನು ಕಾರಿನಲ್ಲಿ ಹೊಸ ಮನೆಗೆ ಹೋಗುತ್ತೀ ಎಂದು. ಹುಡುಗಿ ಕುಣಿದುಕೊಂಡು ಹತ್ತಿದಳಂತೆ. ಇಷ್ಟು ಖುಷಿಯಿಂದ ಹೋದ ಮಗುವನ್ನು ತಾನು ನೋಡೇ ಇಲ್ಲ ಎಂದಳು ಆಯಾ.

ಜೋಳದ ಡ್ರಮ್ಮಿನೊಳಗೆ ಅವಳು ಹುಡುಕಿದ್ದು ಯಾರನ್ನು ಎಂದು ನನಗೆ ಆಗ ತಿಳಿಯಿತು.

ತಾಯಿಗೆ ಎಲ್ಲ ಹೇಳಿದೆ. ಹುಡುಗಿಗೆ ನಿಜ ತಿಳಿಸಬೇಕು, ಅದನ್ನು ನಾನಲ್ಲ, ನೀವೇ ತಿಳಿಸಬೇಕು ಎಂದೆ. ಮಲಗಿತು ಎನ್ನಬಾರದು, ದೇವರು ಕರೆದುಕೊಂಡ ಎನ್ನಬಾರದು, ದೂರ ಹೋಯಿತು ಎಂದಂತೂ ಎನ್ನಲೇಬಾರದು. ತಾಯಿ ಒಬ್ಬಳೇ ಅಡುಗೆಮನೆಯಲ್ಲಿ ನಿಂತು ‘ಸತ್ತಳು’ ಎಂಬ ಆ ಒಂದು ಮಾತನ್ನು ಹೇಳಿ ಹೇಳಿ ನೋಡಿದಳಂತೆ. ಬಾಯಿಗೆ ಬರುತ್ತಿರಲಿಲ್ಲವಂತೆ.

ಭಾನುವಾರ ಮುಂಜಾನೆ ಪಡಸಾಲೆಯಲ್ಲಿ ಕೂತೆವು. ಅಂಗಡಿಯಾತ ಗಿರಾಕಿಗಳನ್ನು ಕಳಿಸಿ ಬಾಗಿಲ ಹತ್ತಿರ ಬಂದು ನಿಂತ. ಅಜ್ಜಿ ತೊಗರಿಬೇಳೆ ಹಸನು ಮಾಡುತ್ತ ದೂರ ಕೂತಿದ್ದಳು. ತಾಯಿ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೂಸಿಗೆ ಬಹಳ ಜ್ವರ ಬಂದಿತ್ತು, ಡಾಕ್ಟರು ಔಷಧ ಕೊಟ್ಟರೂ ಕಡಿಮೆಯಾಗಲಿಲ್ಲ ಎಂದಳು. ಆಮೇಲೆ, "ಕೂಸು ಸತ್ತಾಳ ಮಗಳ," ಎಂದಳು.

ಹುಡುಗಿ ಅಳಲಿಲ್ಲ. ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ಆಕಿನೂ ಕಾರಿನ್ಯಾಗ ಹೋದಳು, ನಾನೂ ಕಾರಿನ್ಯಾಗ ಬಂದೀನಿ. ಹಂಗಾರ ನಾನೂ ಸತ್ತೀನೇನು?"

ಅಜ್ಜಿಯ ಮೊರ ಕೆಳಗೆ ಬಿತ್ತು. ತಾಯಿ ಹುಡುಗಿಯ ಅಂಗೈಯನ್ನು ಹುಡುಗಿಯ ಎದೆಯ ಮೇಲೆಯೇ ಒತ್ತಿ ಹಿಡಿದಳು.

"ಬಡಕೊಳ್ಳಾಕತ್ತದಲ್ಲ, ತಿಳೀತೇನು? ಸತ್ತವರ್ದು ಇದು ನಿಂತಿರ್ತದ. ನೀ ಬದುಕೀದಿ. ನನ್ನ ತೊಡಿಮ್ಯಾಲ ಕುಂತೀದಿ."

ಬಹಳ ಹೊತ್ತು ಹುಡುಗಿ ಕೈ ತೆಗೆಯಲಿಲ್ಲ. ಆಮೇಲೆ ಅತ್ತಳು. ಆ ಅಳುವಿಗೆ ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಅಂಗಡಿಯಾತ ಶಟರ್ ಎಳೆದ.

ಆ ದಿನದಿಂದ ಅಜ್ಜಿ ಗಾಳಿಯ ಮಾತೆತ್ತಲಿಲ್ಲ. ಕೂಸನ್ನು ಯಾವ ಮಣ್ಣಿಗೆ ಕೊಟ್ಟಿದ್ದಾರೆ, ಹಣೆಗೆ ವಿಭೂತಿಯನ್ನಾದರೂ ಹಚ್ಚಿದ್ದರೇ ಎಂದು ನನ್ನನ್ನು ಕೇಳಿದಳು. ವಿಚಾರಿಸಿ, ಒಂದು ದಿನ ಎಲ್ಲರೂ ಆ ಸ್ಮಶಾನಕ್ಕೆ ಹೋದೆವು. ಆಯಾಳೇ ಜೊತೆಗೆ ಬಂದು ಬೇವಿನ ಗಿಡಗಳ ಸಾಲಿನ ಆಚೆ ಕೈ ತೋರಿಸಿದಳು. ಇಂಥದೇ ಜಾಗ ಎಂದು ಅವಳಿಗೂ ಗೊತ್ತಿರಲಿಲ್ಲ. ಅಜ್ಜಿ ನೆಲಕ್ಕೆ ವಿಭೂತಿ ಹಚ್ಚಿ, ಬಿಲ್ವಪತ್ರಿ ಇಟ್ಟು, ಕೂಸನ್ನು ಏನೆಂದು ಕರೆಯುತ್ತಿದ್ದೆ ಎಂದು ಹುಡುಗಿಯನ್ನು ಕೇಳಿದಳು. ಹುಡುಗಿ ಅಜ್ಜಿಯ ಕಿವಿಯಲ್ಲಿ ಹೇಳಿದಳು. ಅಜ್ಜಿ ಆ ಹೆಸರನ್ನು ಮಣ್ಣಿಗೆ ಬಾಗಿ ಕೂಗಿದಳು. ಬಯಲಿನಲ್ಲಿ ಗಾಳಿಯೇ ಇರಲಿಲ್ಲ. ಆದರೂ ಯಾರೋ ಓಗೊಡುತ್ತಾರೆ ಎಂಬಂತೆ ನಾವೆಲ್ಲ ಒಂದು ಕ್ಷಣ ಕಾದೆವು.

ಹಾಸಿಗೆ ತಟ್ಟುವುದು ನಿಧಾನಕ್ಕೆ ನಿಂತಿತು. ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ, ಜಗಳವಾಡುತ್ತಾಳೆ, ಮಗ್ಗಿ ತಪ್ಪು ಹೇಳಿ ತಾಯಿಯಿಂದ ಬೈಸಿಕೊಳ್ಳುತ್ತಾಳೆ. ಕಾರು ಮಾತ್ರ ಹತ್ತುವುದಿಲ್ಲ. ಗೊಬ್ಬೂರಿನ ನೆಂಟರ ಮದುವೆಗೆ ಇಡೀ ಸಂಸಾರ ಅವಳಿಗಾಗಿ ಬಸ್ಸಿನಲ್ಲಿ ಹೋಗಿ ಬಂತು.

ಈಚೆಗೆ ಆಳಂದದಲ್ಲಿ ದತ್ತು ತೆಗೆದುಕೊಳ್ಳುವವರಿಗೆ, ನರ್ಸುಗಳಿಗೆ, ಆಯಾಗಳಿಗೆ ಒಟ್ಟಿಗೆ ಒಂದು ಸಭೆ ಮಾಡಿದೆವು. ಜೇವರ್ಗಿಯ ಆ ತಾಯಿಯೇ ಬಂದು ತನ್ನ ಮನೆಯಲ್ಲಿ ನಡೆದದ್ದನ್ನು ಹೇಳಿದಳು. ಶಿಶುಗೃಹದಲ್ಲಿ ಒಂದು ಮಗು ಸತ್ತಾಗ ಇಲ್ಲವೇ ದತ್ತು ಹೋದಾಗ ಉಳಿದ ಮಕ್ಕಳಿಗೆ ಏನು ಹೇಳಬೇಕು ಎಂಬುದರ ಮೇಲೆ ಬಹಳ ಮಾತಾಯಿತು. ಸಭೆ ಮುಗಿದ ಮೇಲೆ, ಮಗುವಿಗಾಗಿ ಕಾಯುತ್ತಿರುವ ಹೆಂಗಸೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದಳು.

"ಆ ಕೂಸಿನ ಹಡೆದಾಕಿ ಈಗ ಎಲ್ಲಿ ಇರ್ತಾಳ್ರಿ? ಆಕಿಗಿ ಯಾರರ ಹೇಳ್ಯಾರೇನು?"

ಇಷ್ಟು ದಿನ ಇದನ್ನು ಯಾರೂ ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ. ಮುಂದೆ ತನಗೆ ಬರುವ ಮಗು ದೊಡ್ಡದಾಗಿ ಹಡೆದವಳ ಬಗ್ಗೆ ಕೇಳಿದರೆ ತಾನೂ ಹೀಗೇ ಹೇಳಬೇಕಾ ಎಂದು ಕೇಳಿದಳು. ಗೊತ್ತಿಲ್ಲದಿದ್ದರೆ ಹೌದು, ಹಾಗೆಯೇ ಹೇಳಿ, ಕಥೆ ಕಟ್ಟಬೇಡಿ ಎಂದೆ. ಅವಳು ತಲೆಯಾಡಿಸಿ ಹೋದಳು.

ವಾಪಸು ಬರುವಾಗ ಬಸ್ಸು ತುಂಬಿತ್ತು. ದಾರಿಯಲ್ಲಿ ಕಬ್ಬಿನ ಹೊಲದ ಕೂಲಿಗೆ ಹೋದ ಹೆಂಗಸರು ಹತ್ತಿದರು, ಇಳಿದರು. ನಾನು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತಿದ್ದೆ. ಒಬ್ಬಳು, ಯಾಕ್ರಿ ಅಕ್ಕಾ, ನನ್ನ ಗುರ್ತು ಅದ ಏನು ಎಂದು ಕೇಳಿದಳು. ಇಲ್ಲವೆಂದು ಹೇಳಿ ಕಿಟಕಿಯ ಕಡೆ ತಿರುಗಿದೆ.