ಹೊಟ್ಟೆ ಕೆಡದ ಸೈನಿಕರು

ಕರಡು ತಿದ್ದುವ ಅಕ್ಕನನ್ನು ಮುದ್ರಣಾಲಯದಲ್ಲಿ ಎದುರಿಗೆ ಕರಡಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಕರಡಿಯಕ್ಕ. ಎರಡೂ ಅವಳಿಗೆ ಗೊತ್ತಿತ್ತು, ಎರಡಕ್ಕೂ ಬೇಸರವಿರಲಿಲ್ಲ. ಬೇಸರವೇನು ಬಂತು, ಅವಳಿಗೆ ಹೇಸಿಗೆಯೇ ಇದ್ದದ್ದು ಅಲ್ಲಿ ಅಚ್ಚಾಗುವ ಪುಸ್ತಕಗಳ ಮೇಲೆ. ಇಪ್ಪತ್ತೇಳು ವರ್ಷಗಳಲ್ಲಿ ಮಕ್ಕಳ ಸಾಹಸ ಮಾಲೆಯ ಅರವತ್ತೆರಡು ಪುಸ್ತಕ ತಿದ್ದಿದ್ದಳು. ಕೋಟೆ, ಕತ್ತಿ, ಕುದುರೆ, ಫಿರಂಗಿ. ಹದಿನಾರು ವರ್ಷದ ವೀರ ಎದೆಗೆ ಮೂರು ಬಾಣ ಹೊಡೆಸಿಕೊಂಡು ಗೋಡೆ ಹತ್ತುತ್ತಾನೆ. ಮೂರನೇ ಅಧ್ಯಾಯದಲ್ಲಿ ಸತ್ತ ಕುದುರೆ ಏಳನೇ ಅಧ್ಯಾಯದಲ್ಲಿ ಕೆನೆಯುತ್ತದೆ. ಸಾಯುವವನು ಸುಮ್ಮನೆ ಸಾಯುತ್ತಾನಾ? ಇಲ್ಲ, ಅರ್ಧ ಪುಟ ಭಾಷಣ ಬಿಗಿದು ಸಾಯುತ್ತಾನೆ, ಅದರಲ್ಲೂ ಮೂರು ಕಾಗುಣಿತದ ತಪ್ಪು. ಅರವತ್ತೆರಡು ಯುದ್ಧಗಳಲ್ಲಿ ಒಬ್ಬನೇ ಒಬ್ಬ ಸೈನಿಕನಿಗೂ ಹೊಟ್ಟೆ ಕೆಟ್ಟಿರಲಿಲ್ಲ.

ಇಷ್ಟೂ ಯುದ್ಧ ಮಾಡಿಸಿದವನು ಒಬ್ಬನೇ. ಮಕ್ಕಳು ಅವನನ್ನು ಸಾಹಸಮಾಮ ಅಂತ ಕರೆಯುತ್ತಿದ್ದರು. ಜಿರಲೆ ಕಂಡರೆ ಕುರ್ಚಿ ಹತ್ತುವ ಸಾಹಸಮಾಮ! ಎಂಜಲು ಬೆರಳಿಂದ ಹಾಳೆ ತಿರುಗಿಸುವುದು ಅವನ ಚಟ. ಅವನ ಕೈಬರಹದ ಪ್ರತಿ ಬಂದಾಗಲೆಲ್ಲ ಮೂಲೆಗಳಲ್ಲಿ ಒದ್ದೆ ಆರಿದ ಹೆಬ್ಬೆಟ್ಟಿನ ಗುರುತು, ನಡುನಡುವೆ ಬಿಸ್ಕತ್ತಿನ ಪುಡಿ. ಕರಡಕ್ಕ ಪೆನ್ಸಿಲಿನ ಹಿಂಬದಿಯಿಂದ ಹಾಳೆ ಎತ್ತುತ್ತಿದ್ದಳು, ಆಮೇಲೆ ಸೋಪು ಹಾಕಿ ಕೈ ತೊಳೆಯುತ್ತಿದ್ದಳು.

ಒಮ್ಮೆ, ಬಹಳ ಹಿಂದೆ, ಸತ್ತ ಕುದುರೆಯ ವಿಷಯ ಯಜಮಾನರಿಗೆ ಹೇಳಿದ್ದಳು. ಯಜಮಾನರು ಕನ್ನಡಕ ತೆಗೆದು, "ನೋಡಮ್ಮ, ನಿನ್ನ ಕೆಲಸ ಅಕ್ಷರ ನೋಡೋದು. ಅರ್ಥ ನೋಡೋಕೆ ನಿನಗೆ ಸಂಬಳ ಕೊಡ್ತಿಲ್ಲ," ಅಂದಿದ್ದರು. ಅಲ್ಲಿಗೆ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಕುದುರೆಗಳು ಸಾಯುತ್ತಲೂ ಕೆನೆಯುತ್ತಲೂ ಇದ್ದವು.

ಕರಡು ತಿದ್ದುವುದು ಒಬ್ಬರ ಕೆಲಸವಲ್ಲ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಕರಡಿನ ಮೇಲೆ ಕಣ್ಣಿಟ್ಟು ತಪ್ಪು ಗುರುತಿಸಬೇಕು. ಕರಡಕ್ಕನಿಗೆ ಓದಿ ಹೇಳುತ್ತಿದ್ದವಳು ಅವಳ ತಾಯಿ. ಎಂಬತ್ತೊಂದು ವರ್ಷ, ಕಣ್ಣಿನ ಪೊರೆ ತೆಗೆಸಿ ಕನ್ನಡಿಯಂತಾದ ಕಣ್ಣು. ಅದೇ ಮುದ್ರಣಾಲಯದಲ್ಲಿ ಮೂವತ್ತು ವರ್ಷ ಅಕ್ಷರ ಜೋಡಿಸಿದವಳು, ಈಗ ಅಲ್ಲಿ ಅಕ್ಷರ ಜೋಡಿಸುವವನಿಗೂ ಕೆಲಸ ಕಲಿಸಿದವಳು. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಮನೆಯ ಕಿಟಕಿಯ ಪಕ್ಕ ಕೂತು ಓದುತ್ತಿದ್ದಳು. ಮೊದಲು ಪುಟದ ಸಂಖ್ಯೆ, ಆಮೇಲೆ ಪಠ್ಯ, ಚಿಹ್ನೆಗಳೆಲ್ಲ ಬಾಯಲ್ಲೇ: "ಪುಟ ನಲವತ್ತು. ವೀರನು ಗರ್ಜಿಸಿದನು ಅಲ್ಪವಿರಾಮ ಎಲೈ ನೀಚನೇ ಆಶ್ಚರ್ಯಸೂಚಕ." ಗರ್ಜನೆಗೂ ಗೋಳಾಟಕ್ಕೂ ಒಂದೇ ದನಿ, ತೊಳೆದ ಪಾತ್ರೆ ಎಣಿಸುವ ದನಿ.

"ಇಷ್ಟು ಜನ ಸಾಯ್ತಾರಲ್ಲಮ್ಮ, ನಿನಗೆ ಏನೂ ಅನ್ಸಲ್ವಾ?" ಅಂತ ಮಗಳು ಕೇಳಿದರೆ, "ಓದೋವಾಗ ನಾನು ಮನೇಲಿ ಇರಲ್ಲ ಕಣೇ," ಅನ್ನುತ್ತಿದ್ದಳು.

ಆ ಕಿಟಕಿಯ ಹಲಗೆಯ ಮೇಲೆ ಒಂದು ತಗಡಿನ ಹೊಗೆಸೊಪ್ಪಿನ ಡಬ್ಬಿ ಇತ್ತು, ಮುಚ್ಚಳದ ಮೇಲೆ ಹಾಯಿ ಹಡಗಿನ ಚಿತ್ರ. ಅಮ್ಮ ಅದರಲ್ಲಿ ಸೂಜಿ ದಾರ ಇಡುತ್ತಿದ್ದಳು. ಡಬ್ಬಿ ಕರಡಕ್ಕನ ಅಣ್ಣನದು. ನಲವತ್ತು ವರ್ಷದ ಹಿಂದೆ ನಿಜವಾದ ಯುದ್ಧ ಒಂದು ನಡೆದಾಗ, ಎಡಗಾಲು ಕುಂಟು ಅಂತ ಅವನನ್ನು ಸೈನಿಕನಾಗಿ ತೆಗೆದುಕೊಳ್ಳಲಿಲ್ಲ. ಗುಡ್ಡದ ಮೇಲಿನ ಠಾಣೆಗೆ ಹೇಸರಗತ್ತೆಯ ಮೇಲೆ ನೀರು ಸಾಗಿಸುವ ಕೆಲಸ ಕೊಟ್ಟರು. ಅವನು ಹಿಂದಿರುಗಲಿಲ್ಲ, ಡಬ್ಬಿ ಬಂತು. ತಂದುಕೊಟ್ಟ ಜೊತೆಗಾರ ನಡೆದದ್ದನ್ನು ನಡೆದ ಹಾಗೆ ಹೇಳಿ, ಒಂದು ಲೋಟ ನೀರು ಕುಡಿದು ಹೋದ.

ಇದನ್ನು ಕರಡಕ್ಕ ಒಂದು ದಿನ ಚಹಾ ಕುಡಿಯುವಾಗ ಸಾಹಸಮಾಮನ ಮುಂದೆ ಹೇಳಿಬಿಟ್ಟಳು. "ನಿಮ್ಮ ಕಡೆ ಯಾರಾದ್ರೂ ಯುದ್ಧ ಕಂಡೋರು ಇದಾರಾ ಅಕ್ಕಾ?" ಅಂತ ಅವನು ಬೆಣ್ಣೆಯಂತೆ ಕೇಳಿದ್ದೇ ತಡ, ಕುಂಟುಕಾಲು, ಮುಂದಿನ ಹಲ್ಲಿನ ಸಂದಿಯಿಂದ ಹಾಕುವ ಸಿಳ್ಳೆ, ಹಡಗಿನ ಡಬ್ಬಿ, ಎಲ್ಲ ಹೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆರು ತಿಂಗಳಿಗೆ ಅರವತ್ತಮೂರನೇ ಪುಸ್ತಕದ ಕರಡು ಬಂತು. ಅವಳು ಏಳನೇ ಅಧ್ಯಾಯ ತೆರೆದಳು. ಅಲ್ಲಿ ಒಬ್ಬ ಕುಂಟ ಹೇಸರಗತ್ತೆಯವನು. ಹಲ್ಲಿನ ಸಂದಿಯಿಂದ ಸಿಳ್ಳೆ ಹಾಕುತ್ತಾನೆ. ಹಡಗಿನ ಚಿತ್ರವಿರುವ ಒಂದು ಹೊಗೆಸೊಪ್ಪಿನ ಡಬ್ಬಿಯ ಆಸೆಗೆ ಠಾಣೆಯ ನೀರಿನ ದಾರಿಯನ್ನು ಶತ್ರುವಿಗೆ ತೋರಿಸಿಕೊಡುತ್ತಾನೆ. ಹದಿನಾರು ವರ್ಷದ ವೀರ ಅವನ ಎದೆಗೆ ಚೂರಿ ಹಾಕುತ್ತಾನೆ, ಅವನು ಕಾಲು ಹಿಡಿದು ಪ್ರಾಣಭಿಕ್ಷೆ ಬೇಡುತ್ತಾನೆ, ಸೈನಿಕರೆಲ್ಲ ನಗುತ್ತಾರೆ.

ಅವಳು ಹಾಳೆ ಹಿಡಿದು ನೇರ ಯಜಮಾನರ ಕೋಣೆಗೆ ನುಗ್ಗಿದಳು. ಸಾಹಸಮಾಮ ಅಲ್ಲೇ ಬಿಸ್ಕತ್ತು ಅದ್ದಿಕೊಂಡು ಕೂತಿದ್ದ.

"ಇದೇನು ಬರೆದಿದೀರ ನೀವು? ಇವನು ನಮ್ಮಣ್ಣ."

"ಅಯ್ಯೋ ಅಕ್ಕಾ, ಹೆಸರು ಹಾಕಿಲ್ವಲ್ಲ. ಕಥೆ ಅಂದ್ಮೇಲೆ ಒಬ್ಬ ದ್ರೋಹಿ ಬೇಕು. ಭೇದಿಯಾಗಿ ಸತ್ತ ಅಂತ ಬರೆದ್ರೆ ಮಕ್ಕಳು ಓದ್ತಾರಾ?" ಮೀಸೆಗೆ ಅಂಟಿದ ಬಿಸ್ಕತ್ತನ್ನು ನಾಲಿಗೆಯಿಂದ ಎಳೆದುಕೊಂಡ. "ಒಂದು ಲೆಕ್ಕಕ್ಕೆ ಅವರನ್ನ ನಾನು ಅಮರ ಮಾಡಿದೀನಿ ನೋಡಿ."

ಯಜಮಾನರು ಹಿಂದಿನ ಪುಸ್ತಕವೊಂದರ ರಕ್ಷಾಪುಟದ ಮೇಲಿನ ಧೂಳು ಒರೆಸುತ್ತ, "ಐದು ಸಾವಿರ ಪ್ರತಿ ಶಾಲೆಗಳಿಗೆ ಹೋಗ್ಬೇಕು, ಗುರುವಾರ ಯಂತ್ರಕ್ಕೆ. ಅಕ್ಷರ ನೋಡಮ್ಮ, ಅಕ್ಷರ," ಅಂದರು.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜನ! ಐದು ಸಾವಿರ ಮಕ್ಕಳು ಅಣ್ಣನಿಗೆ ಥೂ ಅನ್ನುತ್ತಾರೆ. ಅದಿರಲಿ, ಅದಕ್ಕೂ ಮೊದಲು ಅಮ್ಮ ಓದಬೇಕಲ್ಲ! ಹೆತ್ತವಳೇ ಅಲ್ಪವಿರಾಮ ಹಾಕಿ ಹಾಕಿ ಇದನ್ನು ಓದಬೇಕಲ್ಲ! ಕರಡಕ್ಕ ಏಳನೇ ಅಧ್ಯಾಯದ ಹಾಳೆಗಳನ್ನಷ್ಟೇ ಬೇರೆ ಮಾಡಿ ಚೀಲದ ತಳಕ್ಕೆ ತುರುಕಿದಳು. ಅದೊಂದನ್ನು ತಾನೇ ನೋಡಿಕೊಂಡರಾಯಿತು, ಅಮ್ಮನಿಗೇನು ಗೊತ್ತಾಗುತ್ತದೆ ಅಂದುಕೊಂಡಳು. ಇಪ್ಪತ್ತೇಳು ವರ್ಷ ಜೊತೆಯಲ್ಲಿ ಕೂತವಳು ಇಂಥ ತಪ್ಪು ಮಾಡಬಾರದಿತ್ತು.

"ಪುಟ ಎಂಬತ್ತೆಂಟು," ಅಂತ ಓದಿ ಮುಗಿಸಿದ ಅಮ್ಮ ಹಾಳೆ ತಿರುಗಿಸಿ, "ಪುಟ ನೂರಾ ಮೂರು," ಅಂದಳು. ಅಲ್ಲೇ ನಿಲ್ಲಿಸಿದಳು. "ನಡುವೆ ಹದಿನಾಲ್ಕು ಹಾಳೆ ಎಲ್ಲೇ?"

"ಅದು ಮುದ್ರಣಾಲಯದಲ್ಲೇ ಉಳೀತು ಅನ್ಸುತ್ತೆ."

"ನಿನ್ನ ಕೈಯಿಂದ ಹದಿನಾಲ್ಕು ಹಾಳೆ ಉಳಿಯೋದಾ? ಸುಳ್ಳು ಹೇಳೋಕೆ ನಿನಗೆ ಬರಲ್ಲ, ಬಿಡು. ತೆಗಿ ಚೀಲ."

ತೆಗೆಯಲೇಬೇಕಾಯಿತು. ಅಮ್ಮ ಓದತೊಡಗಿದಳು. ಕುಂಟುಕಾಲು ಬಂತು ಅಲ್ಪವಿರಾಮ. ಸಿಳ್ಳೆ ಬಂತು ಪೂರ್ಣವಿರಾಮ. ಡಬ್ಬಿ ಬಂದಾಗ ಒಮ್ಮೆ ಕಿಟಕಿಯ ಹಲಗೆ ಕಡೆ ನೋಡಿದಳು, ದನಿ ಮಾತ್ರ ಅದೇ. ಚೂರಿ ಬಂತು, ಪ್ರಾಣಭಿಕ್ಷೆ ಬಂತು, "ಎಲ್ಲರೂ ಗಹಗಹಿಸಿ ನಕ್ಕರು ಪೂರ್ಣವಿರಾಮ ಅಧ್ಯಾಯ ಮುಗಿಯಿತು," ಅಂದಳು. ಕರಡಕ್ಕನ ಪೆನ್ಸಿಲು ಒಂದು ಗುರುತನ್ನೂ ಹಾಕಿರಲಿಲ್ಲ.

"ಡಬ್ಬಿ ವಿಷಯ ಇವನಿಗೆ ಯಾರು ಹೇಳಿದ್ದು?"

"ನಾನೇ ಅಮ್ಮ. ನನ್ನ ನಾಲಿಗೆ ಸೀಳಬೇಕು."

ಅಮ್ಮ ಹಾಳೆಗಳನ್ನು ಜೋಡಿಸಿ, ಮುಟ್ಟಬಾರದ್ದನ್ನು ಮುಟ್ಟಿದಂತೆ ಸೆರಗಿಗೆ ಬೆರಳು ಒರೆಸಿಕೊಂಡಳು. "ಹೇಸಿಗೆ ನನ್ ಮಗ. ಎಷ್ಟು ತಪ್ಪು ಬರೆದಿದಾನೆ! ತಿದ್ದು."

"ಅರ್ಥ ತಿದ್ದೋ ಹಾಗಿಲ್ಲಮ್ಮ."

"ಅರ್ಥದ ಗೊಡವೆ ನಿನಗ್ಯಾಕೆ? ಓದೋದು ನನ್ನ ಕೆಲಸ, ನಾನು ಓದಿದ ಹಾಗೆ ತಿದ್ದೋದು ನಿನ್ನ ಕೆಲಸ. ಬರ್ಕೋ. ಪುಟ ಎಂಬತ್ತೊಂಬತ್ತು."

ಕೈಯಲ್ಲಿ ಒಂದು ಹಾಳೆಯೂ ಇಲ್ಲದೆ, ಗೋಡೆ ನೋಡುತ್ತ, ಅದೇ ಪಾತ್ರೆ ಎಣಿಸುವ ದನಿಯಲ್ಲಿ ಅಮ್ಮ ಓದಿದಳು. "ಠಾಣೆಯ ಹತ್ತಿರದ ಬಾವಿಯಲ್ಲಿ ಪ್ರಾಣಿಯೊಂದು ಸತ್ತು ಕೊಳೆತಿತ್ತು ಪೂರ್ಣವಿರಾಮ. ಆ ನೀರು ಕುಡಿದವರಿಗೆಲ್ಲ ರಕ್ತಭೇದಿ ಹಿಡಿಯಿತು ಪೂರ್ಣವಿರಾಮ. ಗುಂಡಿಗಿಂತ ಹೆಚ್ಚು ಜನರನ್ನು ಅದು ಕೊಂದಿತು ಪೂರ್ಣವಿರಾಮ. ಕುಂಟ ಹೇಸರಗತ್ತೆಯವನಿಗೂ ಭೇದಿಯಾಗಿತ್ತು ಅಲ್ಪವಿರಾಮ ಆದರೂ ದೂರದ ಒರತೆಯಿಂದ ಹತ್ತೊಂಬತ್ತು ಸಲ ಒಳ್ಳೆಯ ನೀರು ಮೇಲೆ ಸಾಗಿಸಿದ ಪೂರ್ಣವಿರಾಮ. ಇಪ್ಪತ್ತನೇ ಸಲ ಪೊದೆಯ ಹಿಂದೆ ಕೂತವನಿಗೆ ಏಳಲಾಗಲಿಲ್ಲ ಪೂರ್ಣವಿರಾಮ. ಚಡ್ಡಿ ಮೇಲೆಳೆದುಕೊಳ್ಳುವ ಶಕ್ತಿ ಕೈಯಲ್ಲಿರಲಿಲ್ಲ ಪೂರ್ಣವಿರಾಮ. ಭಾಷಣ ಮಾಡಲಿಲ್ಲ ಅಲ್ಪವಿರಾಮ ನೀರು ಕೇಳಿದ ಪೂರ್ಣವಿರಾಮ. ಹೇಸರಗತ್ತೆ ಮೇಲಿನ ಪೀಪಾಯಿ ಖಾಲಿಯಿತ್ತು ಪೂರ್ಣವಿರಾಮ."

ಹೀಗೆ ಮೂರು ಮಧ್ಯಾಹ್ನ ನಡೆಯಿತು. ಕರಡಕ್ಕ ಹಳೆಯ ಅಧ್ಯಾಯಕ್ಕೆ ಮೂಲೆಯಿಂದ ಮೂಲೆಗೆ ಕೆಂಪು ಗೀಟು ಎಳೆದು, ಹೊಸದನ್ನು ಅಂಟಿಸಿದಳು. ಎಂಟನೇ ಅಧ್ಯಾಯದಲ್ಲಿ ವೀರ ದ್ರೋಹಿಯನ್ನು ಕೊಂದ ಸಂತೋಷಕ್ಕೆ ಕುಣಿಯುತ್ತಿದ್ದ, ಕುಣಿಯಲಿ ಅಂತ ಬಿಟ್ಟಳು. ಸತ್ತ ಕುದುರೆ ಕೆನೆಯುವ ಪುಸ್ತಕದಲ್ಲಿ ಇದು ಯಾರ ಕಣ್ಣಿಗೆ ಬೀಳಬೇಕು?

ಯಾರ ಕಣ್ಣಿಗೂ ಬೀಳಲಿಲ್ಲ. ಅಕ್ಷರ ಜೋಡಿಸುವವನು ಗೀಟು ಹಾಕಿದ್ದನ್ನು ತೆಗೆದ, ಅಂಟಿಸಿದ್ದನ್ನು ಜೋಡಿಸಿದ. ಬರೆದಿದ್ದನ್ನು ಜೋಡಿಸು, ಅರ್ಥ ಕೇಳಬೇಡ ಅಂತ ಅವನಿಗೆ ಕಲಿಸಿದವಳೇ ಅಮ್ಮ. ಖಾಲಿ ಉಳಿದ ಪುಟಗಳಿಗೆ ಕೋಟೆಯ ಚಿತ್ರವನ್ನು ದೊಡ್ಡದು ಮಾಡಿ ಹಾಕಿದ. ಎರಡನೇ ಕರಡು ಕರಡಕ್ಕನ ಹತ್ತಿರವೇ ಬಂತು, ಅವಳು ಸಹಿ ಹಾಕಿದಳು. ಗುರುವಾರ ಯಂತ್ರ ಓಡಿತು. ಯಜಮಾನರು ಮುಖಪುಟದ ಬಣ್ಣ ನೋಡಿ ತಲೆದೂಗಿದರು. ಸಾಹಸಮಾಮ ತನ್ನ ಫೋಟೋ ನೋಡಿ ತಲೆದೂಗಿದ.

ವಿಷಯ ಬಯಲಾದದ್ದು ಹನ್ನೆರಡು ದಿನದ ಮೇಲೆ, ಒಂದು ಶಾಲೆಯ ವೇದಿಕೆಯಲ್ಲಿ. ಸಾಹಸಮಾಮ ಹಾರ ಹಾಕಿಸಿಕೊಂಡು ಕೂತಿದ್ದಾಗ ಪುಟ್ಟ ಹುಡುಗಿಯೊಬ್ಬಳು ಎದ್ದು ಕೇಳಿದಳಂತೆ: "ಮಾಮಾ, ಎಲ್ಲರಿಗೂ ನೀರು ತಂದ್ಕೊಟ್ಟವನಿಗೆ ಕೊನೇಲಿ ಯಾರೂ ನೀರು ಕೊಡಲಿಲ್ವಾ?"

ಅವನು ಮುದ್ರಣಾಲಯಕ್ಕೆ ಓಡಿ ಬಂದಾಗ ಹಾರ ಇನ್ನೂ ಕೊರಳಲ್ಲೇ ಇತ್ತು. "ನನ್ನ ಪುಸ್ತಕದಲ್ಲಿ ಭೇದಿ! ನನ್ನ ಪುಸ್ತಕದಲ್ಲಿ ಚಡ್ಡಿ!" ಅಂತ ಕಿರುಚಿದ. ಯಜಮಾನರು ಮೇಜು ಗುದ್ದಿ, "ಏನಮ್ಮ ಇದು?" ಅಂದರು.

"ಅಕ್ಷರ ನೋಡಿ ಸಾರ್," ಅಂದಳು ಕರಡಕ್ಕ. "ಒಂದೇ ಒಂದು ತಪ್ಪು ತೋರಿಸಿ."

ಆ ಸಂಜೆಯೇ ಕೆಲಸ ಹೋಯಿತು. ಅವಳು ತನ್ನ ಪೆನ್ಸಿಲು, ರಬ್ಬರು, ಅಳತೆಪಟ್ಟಿ ಎತ್ತಿಕೊಂಡು, ಬಚ್ಚಲಿಗೆ ಹೋಗಿ ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡು, ಪುಸ್ತಕದ ಒಂದು ಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು. ಯಾರೂ ತಡೆಯಲಿಲ್ಲ.

ಮನೆಯಲ್ಲಿ ಅಮ್ಮ ಬೈಯಲೂ ಇಲ್ಲ, ಭೇಷ್ ಅನ್ನಲೂ ಇಲ್ಲ. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಪುಸ್ತಕ ತೆಗೆದುಕೊಂಡು ಏಳನೇ ಅಧ್ಯಾಯ ಹುಡುಕಿ ಗಟ್ಟಿಯಾಗಿ ಓದಿದಳು. ಪುಟದ ಸಂಖ್ಯೆ ಹೇಳಲಿಲ್ಲ. ಅಲ್ಪವಿರಾಮ ಅನ್ನಲಿಲ್ಲ, ಪೂರ್ಣವಿರಾಮ ಅನ್ನಲಿಲ್ಲ. "ನೀರು ಕೇಳಿದ" ಅನ್ನುವಲ್ಲಿ ದನಿ ಒಡೆಯಿತು, ಮುಂದಕ್ಕೆ ಹೋಗಲಿಲ್ಲ. ಕರಡಕ್ಕ ಒಳಗೆ ಹೋಗಿ ಒಂದು ಲೋಟ ನೀರು ತಂದು ಕಿಟಕಿಯ ಹಲಗೆಯ ಮೇಲೆ, ಡಬ್ಬಿಯ ಪಕ್ಕದಲ್ಲಿ ಇಟ್ಟಳು. ಅದನ್ನು ಇಬ್ಬರೂ ಕುಡಿಯಲಿಲ್ಲ.