ಫಾರಿನ್ನಿಗೆ ಹೊರಟ ಅಟ್ಟದ ಕಾಯಿ

ಕೇಳಿ ಗೆಳೆಯರೇ, ಇವತ್ತು ನಮ್ಮ ಬಿಳಿಗೆರೆ ಮನೆಯಲ್ಲಿ ಫಾರಿನ್ ಟೂರಿನ ಜಗಳ. ಈ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಒಂದು ತಿಂಗಳು ಸಿಲೋನಿಗೆ ಹೋಗೋಣ ಎಂದರು ನಮ್ಮ ಯಜಮಾನರು. ಅತ್ತೆ ಬಿಟ್ಟಾರೆಯೇ?

"ಅಲ್ಲೂ ತೆಂಗಿನ ಮರಾನೇ ಅಂತಲ್ಲ! ಅದನ್ನ ನೋಡಾಕೆ ಹಡಗು ಯಾಕ್ಲಾ ಹತ್ತಬೇಕು? ತೋಟಕ್ಕೆ ಹೋಗು."

ಸರಿ, ನೇಪಾಳ ಎಂದಾಯಿತು. ಪಾಸ್‌ಪೋರ್ಟ್ ಬೇಡ, ರೈಲು ಸಾಕು. "ಆದ್ರೆ ತಿಂಗಳೆಲ್ಲ ಹೋಟ್ಲೂಟ ನಮ್ಮ ಕೈಲಾಗಲ್ಲ ಕಣ್ರೀ, ವಾರಕ್ಕೇ ವಾಪಸ್ ಬರಬೇಕು" ಎಂದೆ ನಾನು.

ಅತ್ತೆ ಸೀದಾ ಅಟ್ಟ ಹತ್ತಿದರು. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಗಡಗಡ ಎನ್ನುವುದನ್ನಷ್ಟೇ ಆರಿಸಿ ಬುಟ್ಟಿ ತುಂಬ ಇಳಿಸಿದರು. ಕೊಬ್ಬರಿ ಮಂಡಿಗೆ ಮಾರಾಟಕ್ಕೆ ಹೋಗಬೇಕಾದ ಕಾಯಿ ಅದು. ಮನೆ ಖರ್ಚಿಗೆ ಒಂದನ್ನೂ ಮುಟ್ಟಲು ಬಿಡದ ಹೆಂಗಸು!

"ಚಟ್ನಿಪುಡಿ ಕುಟ್ಟಿಕೊಡ್ತೀನಿ. ಸ್ಟವ್ ತಗಂಡೋಗಿ ಅನ್ನ ಮಾಡ್ಕಳಿ. ಹಸು, ತೋಟ ನಾನು ನೋಡ್ಕಂತೀನಿ, ತಿಂಗಳು ತುಂಬಿಸ್ಕಂಡೇ ಬನ್ನಿ."

ನಾನು ಒರಳು ತೊಳೆಯಲು ಎದ್ದೆ. ಅಷ್ಟರಲ್ಲಿ ನಮ್ಮ ಚಿಕ್ಕವಳು, "ಅಜ್ಜಿ, ನೇಪಾಳದಲ್ಲಿ ತೆಂಗಿನ ಮರ ಇಲ್ವಾ?" ಎಂದಳು.

"ಇಲ್ಲ ಕಣೇ."

"ಮತ್ತೆ ದೇವ್ರಿಗೆ ಏನ್ ಒಡೀತಾರೆ?"

ಅದನ್ನು ಕೇಳಿದ್ದೇ ತಡ, ಅತ್ತೆ ಜುಟ್ಟಿನ ಕಾಯಿಗಳನ್ನು ತಂದು, ಬಟ್ಟೆಗೆಂದು ಇಟ್ಟಿದ್ದ ನಮ್ಮ ಟ್ರಂಕಿಗೆ ತುಂಬತೊಡಗಿದರು. ಇನ್ನೂ ತುಂಬುತ್ತಲೇ ಇದ್ದಾರೆ. ಪಶುಪತಿನಾಥನಿಗೆ ನಮ್ಮ ಕಾಯಿ ತಲುಪುವುದು ಖಂಡಿತ. ಮಕ್ಕಳ ಸ್ವೆಟರನ್ನು ಮಾತ್ರ ಅವನೇ ಕೊಡಿಸಬೇಕು.